ಹಾಲಿನಲ್ಲಿ ನಿಂತ ಗಾಡಿ

ಕೋವಿಡ್ ಗಲಾಟೆ ಮುಗಿದ ಮರುವರ್ಷದ ಮಾತು. ಲಗ್ಗೆರೆಯಲ್ಲಿ ನಮ್ಮ ಮನೆಯ ಕೆಳಗೇ ನಮ್ಮವರ ಟೂ ವೀಲರ್ ಗ್ಯಾರೇಜು. ಅರ್ಜಿ ತುಂಬುವಾಗ ಉದ್ಯೋಗದ ಎದುರು ಈಗಲೂ ‘ಗೃಹಿಣಿ’ ಎಂದೇ ಬರೆಯುತ್ತೇನೆ. ಆದರೆ ಅಡುಗೆ ಮುಗಿಸಿ ಕೆಳಗಿಳಿದರೆ ಸಂಜೆಯವರೆಗೆ ಗ್ಯಾರೇಜಿನ ಮೇಜು ನನ್ನದು. ಬಂದವರ ದೂರು ಕೇಳಿ ಚೀಟಿ ಬರೆಯುವುದು, ಬೀಗದಕೈಗೆ ಅದನ್ನು ಕಟ್ಟುವುದು, ಗಾಡಿ ರೆಡಿಯಾದಾಗ ಫೋನ್ ಮಾಡುವುದು. ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರ ಕೊನೆಗೆ ‘ಬ್ರೇಕ್ ಹಿಡಿಯುತ್ತಿಲ್ಲ’ ಎಂದು ಬರೆಯುವುದಕ್ಕೆ ಒದಗಿತು.

ನಾಗರಾಜು ಮೊದಲ ಸಲ ಬಂದದ್ದು ದಸರಾ ಹೊತ್ತಿಗೆ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೆಷಿನ್ ಆಪರೇಟರ್, ನಾಲ್ಕನೇ ಕ್ರಾಸಿನಲ್ಲಿ ಬಾಡಿಗೆ ಮನೆ. ನೂರು ಸಿಸಿಯ ಹಳೆಯ ಗಾಡಿ, ಆದರೆ ಕನ್ನಡಿಯ ಹಿಂಬದಿಯನ್ನೂ ಬಿಡದೆ ಒರೆಸಿಟ್ಟಿದ್ದ.

“ಮೇಡಂ, ಗಾಡಿ ಪೆಟ್ರೋಲ್ ಕುಡೀತಾ ಇದೆ. ಅರವತ್ತು ಕೊಡ್ತಿದ್ದಿದ್ದು ಈಗ ನಲವತ್ತೂ ಇಲ್ಲ.”

“ಓನರ್ ಕುಡಿಯಲ್ಲ ನೋಡು, ಅದಕ್ಕೇ ಗಾಡಿ ಶುರು ಹಚ್ಕೊಂಡಿದೆ,” ಎಂದರು ನಮ್ಮವರು.

ಓದುಗರಿಗಾಗಿ ಎರಡು ಮಾತು. ಇಂಥ ಹಳೆಯ ಗಾಡಿಗಳಲ್ಲಿ ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗವೇ ಕಾರ್ಬೊರೇಟರ್. ಅದರ ಸ್ಕ್ರೂ ಒಂಚೂರು ತಿರುಗಿಸಿದರೆ ಬೆರಕೆಯ ಹದ ಬದಲಾಗುತ್ತದೆ. ಪೆಟ್ರೋಲ್ ಹೆಚ್ಚಾದರೆ ಸ್ಪಾರ್ಕ್ ಪ್ಲಗ್ ಮಸಿ ಹಿಡಿಯುತ್ತದೆ. ತೀರಾ ಕಡಿಮೆಯಾದರೆ ಇಂಜಿನ್ ಕಾದು, ಓಡುತ್ತಿರುವಾಗಲೇ ಕಚ್ಚಿಕೊಂಡು ನಿಂತುಬಿಡಬಹುದು. ನಮ್ಮವರು ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರು. ಅದು ಕಾಫಿಪುಡಿಯ ಬಣ್ಣಕ್ಕಿತ್ತು. ಅಂದರೆ ಹದ ಸರಿಯಾಗಿಯೇ ಇದೆ. ಅವರ ಹುಬ್ಬು ಗಂಟಿಕ್ಕಿದ್ದನ್ನು ನಾನು ಕಂಡೆ.

ಆದರೂ ಕಾರ್ಬೊರೇಟರ್ ಇಳಿಸಿ ತೊಳೆದು, ಪೆಟ್ರೋಲ್ ಕಡಿಮೆಯಾಗುವಂತೆ ಸ್ಕ್ರೂ ಒಂಚೂರು ಬಿಗಿ ಮಾಡಿದರು. ಟ್ಯಾಂಕಿನ ಪೈಪ್ ಕಳಚಿ, ಅಳತೆಯ ಬಾಟಲಿಯನ್ನು ಹ್ಯಾಂಡಲ್ಲಿಗೆ ಕಟ್ಟಿ, ತುಮಕೂರು ರಸ್ತೆಯಲ್ಲಿ ಮಾಕಳಿಯ ಕಡೆ ಓಡಿಸಿದರು. ಬಾಟಲಿ ಬರಿದಾಗಿ ಗಾಡಿ ನಿಂತಾಗ ಲೆಕ್ಕ ಹಾಕಿದರೆ ಲೀಟರಿಗೆ ಐವತ್ತೆಂಟು. ನಾಗರಾಜು ನಗುತ್ತ ಹೋದ. ವಾರ ಕಳೆದು ಮುಖ ಗಂಟಿಕ್ಕಿಕೊಂಡು ಬಂದ.

“ಸಾರ್, ನಿಮ್ ಬಾಟ್ಲಲ್ಲಿ ಐವತ್ತೆಂಟು ಕೊಡುತ್ತೆ, ನನ್ ಟ್ಯಾಂಕಲ್ಲಿ ಯಾಕೆ ಕೊಡಲ್ಲ? ಇನ್ನೂ ಟೈಟ್ ಮಾಡಿ.”

“ಮಾಡ್ತೀನಿ ಕಣಪ್ಪ. ಫ್ಲೈಓವರ್ ಮೇಲೆ ಇಂಜಿನ್ ಹಿಡ್ಕೊಂಡ್ರೆ ಹಿಂದೆ ಬರೋ ಲಾರಿಯೋನಿಗೆ ಏನು ಹೇಳ್ತೀಯ?” ನಮ್ಮವರಿಗೂ ಸಿಟ್ಟು ಬಂದಿತ್ತು. “ಯಾರೋ ಪೆಟ್ರೋಲ್ ಕದೀತಿದಾರೆ, ನೋಡ್ಕೋ.”

“ಗಾಡಿ ರಸ್ತೇಲಿ ಬಿಟ್ರೆ ತಾನೆ ಸಾರ್ ಕದಿಯೋದು? ಹೋದ ವರ್ಷ ಟ್ಯಾಂಕೇ ಖಾಲಿ ಮಾಡಿದ್ರು, ಅವತ್ತಿಂದ ಮನೆಯೊಳಗೇ ನಿಲ್ಲಿಸ್ತೀನಿ. ಕದ್ರೆ ನಮ್ಮವ್ವನೇ ಕದೀಬೇಕು.”

ಎಲ್ಲರೂ ನಕ್ಕೆವು. ನಮ್ಮ ಏರಿಯಾದಲ್ಲಿ ಇದೇನೂ ಹೊಸದಲ್ಲ. ಕತ್ತಲಾದರೆ ಮೆಟ್ಟಿಲಿಗೆ ಹಲಗೆ ಕೊಟ್ಟು ಗಾಡಿಯನ್ನು ಒಳಗೆ ತಳ್ಳಿಕೊಳ್ಳುವುದು ಎಷ್ಟೋ ಮನೆಗಳ ವಾಡಿಕೆ.

ಮೂರನೇ ಸಲ ಅವನು ಬಂದದ್ದು ಕಾರ್ತಿಕದ ಮೊದಲ ಸೋಮವಾರ, ಸಂಜೆ. ಹಿಂದೆ ಹೆಂಡತಿ ಶೋಭಾ, ಮುಂದೆ ಟ್ಯಾಂಕಿನ ಮೇಲೆ ಏಳೆಂಟು ವರ್ಷದ ಮಗಳು ಚಿನ್ಮಯಿ. ಮಗುವನ್ನು ಡಾಕ್ಟರಿಗೆ ತೋರಿಸಲು ಹೊರಟವರು, ಅದೇ ಮೈಲೇಜ್ ದೂರು ಹೇಳಲು ದಾರಿಯಲ್ಲಿ ನಿಂತಿದ್ದರು.

“ಬೆಳಗ್ಗೆ ಎದ್ರೆ ತಲೆನೋವು ಅಂತಾಳಕ್ಕ, ವಾಂತಿ ಬೇರೆ,” ಎಂದಳು ಶೋಭಾ. “ಸ್ಕೂಲಿಗೆ ಹೋದ್ರೆ ಸರಿಹೋಗ್ತಾಳೆ. ಭಾನುವಾರ ಮಾತ್ರ ಇಡೀ ದಿನ ಮಲಗೇ ಇರ್ತಾಳೆ. ಕನ್ನಡಕ ಬೇಕೇನೋ.”

“ಹಬ್ಬಕ್ಕೆ ಊರಿಗೆ ಹೋಗಿದ್ರೇನೋ, ಅಲ್ಲೂ ನೋವಿತ್ತಾ ಪುಟ್ಟಿ?” ಎಂದೆ.

“ಇರ್ಲಿಲ್ಲ ಆಂಟಿ. ನಿನ್ನೆ ಬಂದ್ವಿ, ಇವತ್ತು ಮತ್ತೆ ಬಂತು.”

ಪ್ರತಿದಿನ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಸಾಲಾಗಿ ನಿಲ್ಲಿಸಿ ಶೂ ಪರೀಕ್ಷಿಸುವ ಸಿಸ್ಟರ್‌ಗಳ ಕೈಯಲ್ಲಿ ಬೆಳೆದವಳು ನಾನು. ಯಾರು ಬಂದರೂ ಕಣ್ಣು ಮೊದಲು ಕಾಲಿಗೇ ಹೋಗುತ್ತದೆ. ಮಗುವಿನ ಕಾಲಲ್ಲಿ ಹವಾಯಿ ಚಪ್ಪಲಿ. ಎಡಗಾಲಿನದು ನೆಟ್ಟಗಿತ್ತು. ಬಲಗಾಲಿನದು ಊದಿಕೊಂಡು, ಅಂಚು ಮೇಲಕ್ಕೆ ಮುರುಟಿ, ನೆನೆದ ರಸ್ಕಿನಂತಾಗಿತ್ತು. ರಬ್ಬರ್ ಹೀಗೆ ಉಬ್ಬುವುದನ್ನು ನಾನು ದಿನಾ ನೋಡುತ್ತೇನೆ. ಪೆಟ್ರೋಲಿನಲ್ಲಿ ಬಿದ್ದ ವಾಷರ್‌ಗಳು ಹಾಗೆಯೇ ಆಗುತ್ತವೆ.

“ಚಪ್ಪಲಿ ಎಲ್ಲಿ ಬಿಡ್ತೀಯಮ್ಮ?”

“ಗಾಡಿ ಕೆಳಗೆ. ಗೋಣಿಚೀಲದ ಮೇಲೆ.”

“ಗಾಡಿ ಎಲ್ಲಿರುತ್ತೆ?”

“ಹಾಲಲ್ಲಿ. ನಾನೂ ಅಜ್ಜೀನೂ ಅಲ್ಲೇ ಮಲಗೋದು.”

ನಾನು ನಮ್ಮವರ ಕಡೆ ನೋಡಿದೆ. ಅವರ ಕೈಯಲ್ಲಿದ್ದ ಬಟ್ಟೆ ಒರೆಸುವುದನ್ನು ನಿಲ್ಲಿಸಿತ್ತು.

“ಮನೇಲಿ ಹ್ಯಾಗೆ ನಿಲ್ಲಿಸ್ತೀಯ ನಾಗರಾಜು? ಡಬಲ್ ಸ್ಟ್ಯಾಂಡಾ?”

“ಜಾಗ ಎಲ್ಲಿದೆ ಸಾರ್, ಗೋಡೆಗೆ ಒತ್ತಿ ಸೈಡ್ ಸ್ಟ್ಯಾಂಡ್.”

“ಪೆಟ್ರೋಲ್ ಟ್ಯಾಪ್ ಆಫ್ ಮಾಡ್ತೀಯ?”

“ಯಾರ್ ಸಾರ್ ಅದನ್ನೆಲ್ಲ ದಿನಾ ಮಾಡ್ತಾರೆ?”

ನಮ್ಮ ಗ್ಯಾರೇಜಿನಲ್ಲಿ ಗಾಡಿ ಬಂದ ತಕ್ಷಣ ಡಬಲ್ ಸ್ಟ್ಯಾಂಡ್ ಹಾಕಿ ನೆಟ್ಟಗೆ ನಿಲ್ಲಿಸಿ, ಟ್ಯಾಪ್ ಮುಚ್ಚುತ್ತಾರೆ. ಕೈಗೆ ಹತ್ತಿಹೋದ ಅಭ್ಯಾಸ. ಹಾಗಾಗಿ ಆ ಗಾಡಿ ಅದರ ಮನೆಯಲ್ಲಿ ನಿಲ್ಲುವಂತೆ ನಮ್ಮಲ್ಲಿ ಒಂದು ದಿನವೂ ನಿಂತಿರಲಿಲ್ಲ. ಈಗ ನಮ್ಮವರು ಅದನ್ನು ಗೋಡೆಯ ಪಕ್ಕ ಸೈಡ್ ಸ್ಟ್ಯಾಂಡಿನಲ್ಲಿ ವಾಲಿಸಿ, ಟ್ಯಾಪ್ ತೆರೆದೇ ಬಿಟ್ಟು, ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಕಾರ್ಬೊರೇಟರಿನ ಕೆಳಗೆ ಇಳಿಬಿದ್ದ ಸಣ್ಣ ಪೈಪಿನ ತುದಿಯಲ್ಲಿ ಒಂದು ಹನಿ ಕೂಡಿಕೊಂಡಿತು. ಬಿತ್ತು. ಇನ್ನೊಂದು ಕೂಡಿಕೊಂಡಿತು.

ಕಾರ್ಬೊರೇಟರಿನ ಬಟ್ಟಲಿನಲ್ಲಿ ಫ್ಲೋಟ್ ಎಂಬ ತೇಲು ಇರುತ್ತದೆ. ಬಟ್ಟಲು ತುಂಬಿದಾಗ ಅದು ಮೇಲೆದ್ದು ಒಂದು ಸೂಜಿಯನ್ನು ಒತ್ತಿ ಪೆಟ್ರೋಲನ್ನು ತಡೆಯುತ್ತದೆ. ಈ ಗಾಡಿಯ ಸೂಜಿಯ ಮೊನೆ ಸವೆದಿತ್ತು. ನೆಟ್ಟಗೆ ನಿಂತಾಗ ಹೇಗೋ ತಡೆಯುತ್ತಿತ್ತು, ವಾಲಿದರೆ ಸೋರುತ್ತಿತ್ತು. ಓಡುವಾಗ ಎಷ್ಟು ಕುಡಿಯುತ್ತದೆಂದು ನಾವು ಬಾಟಲಿ ಕಟ್ಟಿ ಅಳೆದಿದ್ದೆವು. ಅದು ನಿಂತಲ್ಲೇ ಖಾಲಿಯಾಗುತ್ತಿತ್ತು, ಆ ಮಗು ಮಲಗುವ ಕೋಣೆಯಲ್ಲಿ. ಗೋಣಿಚೀಲ ಹೀರಿಕೊಂಡಿದ್ದರಿಂದ ನೆಲ ಒದ್ದೆಯಾಗಿ ಕಂಡಿರಲಿಲ್ಲ.

“ವಾಸನೆ ಬರ್ತಿರಲಿಲ್ವೇನೋ?”

“ಗಾಡಿ ಅಂದ್ಮೇಲೆ ಪೆಟ್ರೋಲ್ ವಾಸ್ನೆ ಇರಲ್ವಾ ಸಾರ್...” ಅವನ ದನಿ ಸಣ್ಣದಾಯಿತು.

“ಇವತ್ತು ಎಷ್ಟೊತ್ತು ನಿಂತಿತ್ತು?”

“ಇವತ್ತಿಂದ ನೈಟ್ ಶಿಫ್ಟ್. ನಿನ್ನೆ ರಾತ್ರಿಯಿಂದ ಅಲ್ಲೇ. ಈಗ ತಾನೆ ತೆಗೆದ್ವಿ.”

“ಮನೇಲಿ ಯಾರಿದಾರೆ?”

“ಅವ್ವ.”

ಹೊರಗೆ ಬೀದಿದೀಪ ಹತ್ತಿಕೊಂಡಿತು. ಎದುರು ಮನೆಯಾಕೆ ಹೊಸ್ತಿಲಿಗೆ ರಂಗೋಲಿ ಎಳೆದು ಹಣತೆ ಇಡುತ್ತಿದ್ದಳು. ನನಗಿಂತ ಮೊದಲು ಶೋಭಾಗೆ ಹೊಳೆಯಿತು.

“ಅಕ್ಕ, ಇವತ್ತು ಕಾರ್ತಿಕ ಸೋಮವಾರ. ಅತ್ತೆ ಹೊಸ್ತಿಲಿಗೆ ದೀಪ ಇಡ್ತಾರೆ.”

ದೇವರ ಗೂಡು ಗೋಡೆಯಲ್ಲಿ ಎತ್ತರದಲ್ಲಿತ್ತಂತೆ. ಇಷ್ಟು ದಿನ ದೀಪ ಅಲ್ಲಿ ಉರಿದಿದೆ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಅದು ನೆಲಕ್ಕಂಟಿ ಹರಡುತ್ತದೆ. ಹೊಸ್ತಿಲ ಹಣತೆ ಇರುವುದೂ ನೆಲದ ಮೇಲೆಯೇ.

ನಾಗರಾಜು ಫೋನ್ ಒತ್ತಿದ. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದ. ರಿಂಗ್ ಆಗುವ ಸದ್ದು ನಮಗೆಲ್ಲ ಕೇಳುತ್ತಿತ್ತು. ಮಗು ಅಮ್ಮನ ಸೆರಗು ಹಿಡಿದುಕೊಂಡಿತು. ಕೊನೆಗೆ ಆ ಕಡೆಯಿಂದ ದನಿ ಬಂತು.

“ಏನ್ಲಾ, ಡಾಕುಟ್ರು ಏನಂದ್ರು?”

“ಅವ್ವಾ, ದೀಪ ಅಚ್ಚಿದ್ಯಾ?”

“ಬತ್ತಿ ಒಸೀತಾ ಇವ್ನಿ ಕಣಪ್ಪ, ಇನ್ನೊಂದೇ ಐತೆ. ಅಚ್ಚಿಬುಟ್ಟು ಪೋನ್ ಮಾಡ್ತೀನಿ ಇಡು.”

“ಬ್ಯಾಡ! ಕಡ್ಡಿ ಮುಟ್ಬ್ಯಾಡ. ಲೈಟ್ ಸ್ವಿಚ್ಚೂ ಮುಟ್ಬ್ಯಾಡ. ಇದ್ದಂಗೇ ಎದ್ದು ಆಚೆ ಬಾ.”

“ಕಾರ್ತೀಕದಾಗೆ ದೀಪ ಬ್ಯಾಡ ಅಂತಾರೇನ್ಲಾ ಯಾರಾನ? ನಿಂಗೇನ್ ಬಂದೈತೆ?”

“ನಿನ್ ಕಾಲ್ ಇಡ್ಕಂತೀನಿ, ಆಚೆ ಬಾರವ್ವ.”

ಗಂಡಸರಿಬ್ಬರೂ ನಮ್ಮ ಗಾಡಿಯಲ್ಲಿ ಮುಂದೆ ಹೋದರು. ನಾನು, ಶೋಭಾ, ಮಗು ನಡೆದೆವು. ನಾಲ್ಕನೇ ಕ್ರಾಸ್ ತಲುಪಿದಾಗ ಅಜ್ಜಿ ಬೀದಿಯಲ್ಲಿ ನಿಂತು ಮಗನನ್ನು ಬೈಯುತ್ತಿದ್ದರು. ಬಾಗಿಲು, ಕಿಟಕಿ ತೆರೆದಿದ್ದವು. ನಮ್ಮವರು ಗೋಣಿಚೀಲವನ್ನು ಕೋಲಿನ ತುದಿಯಲ್ಲಿ ಹೊರಗೆಳೆದರು. ಅದರ ವಾಸನೆಗೆ ನನ್ನ ಕಣ್ಣು ಉರಿಯಿತು. ಒಳಗೆ ಇಣುಕಿದೆ. ಹೊಸ್ತಿಲ ಎರಡೂ ಬದಿ ಹಣತೆ, ಎಣ್ಣೆ ತುಂಬಿತ್ತು. ಒಂದರಲ್ಲಿ ಬತ್ತಿ ನೆನೆದು ತಯಾರಾಗಿತ್ತು. ಇನ್ನೊಂದರ ಪಕ್ಕ ಬೆಂಕಿಪೊಟ್ಟಣ ಅರ್ಧ ತೆರೆದಿತ್ತು. ಆಚೆಗೆ ಚಿನ್ಮಯಿಯ ಹಾಸಿಗೆ ಸುತ್ತಿಟ್ಟಿತ್ತು.

ಮರುದಿನ ನಮ್ಮವರು ಸೂಜಿ ಬದಲಿಸಿದರು, ಬಿಗಿ ಮಾಡಿದ್ದ ಸ್ಕ್ರೂವನ್ನು ಮೊದಲಿನ ಹದಕ್ಕೆ ತಂದರು. ಮೈಲೇಜ್ ಬಂತು. ಮಗುವಿನ ತಲೆನೋವೂ ಕನ್ನಡಕವಿಲ್ಲದೆ ಹೋಯಿತು.

ಗಾಡಿ ಓಡುವಾಗ ಏನು ಮಾಡುತ್ತದೆಂದು ಎಲ್ಲರೂ ತಾವಾಗಿಯೇ ಹೇಳುತ್ತಾರೆ. ನಿಂತಾಗ ಏನು ಮಾಡುತ್ತದೆಂದು ನಾವೇ ಕೇಳಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಮೈಲೇಜ್ ದೂರು ಬಂದರೆ ನಾನು ಮೊದಲು ಕೇಳುವುದು, “ರಾತ್ರಿ ಗಾಡಿ ಎಲ್ಲಿರುತ್ತೆ? ಪಕ್ಕದಲ್ಲಿ ಯಾರು ಮಲಗ್ತಾರೆ?” ಕೆಲವರು ನಗುತ್ತಾರೆ. ಮೊನ್ನೆ ಒಬ್ಬ ಹುಡುಗ, ಹೊಸದಾಗಿ ತಂದೆಯಾದವನು, “ಒಳಗೇ ಮೇಡಂ, ಪಾಪು ತೊಟ್ಟಿಲ ಪಕ್ಕ. ಯಾಕೆ?” ಎಂದ.

ಚೀಟಿ ಬರೆಯುವುದನ್ನು ಬಿಟ್ಟು, ಮೊದಲು ಬೀಗದಕೈ ಇಸಿದುಕೊಂಡೆ.