ಕಪ್ಪುಕುಳಿ ಮತ್ತು ಅಮ್ಮ ಅಳಿಸಿದ ರಂಗೋಲಿ

ಅಪ್ಪ ಹೋದಮೇಲೂ ಗಟ್ಟಿಯಾಗಿದ್ದ ಅಮ್ಮ, ಸ್ಟ್ರೋಕ್ ಆದದ್ದೇ ಮಾತು ಬಿಟ್ಟಳು. ಕೊಡಿಗೇಹಳ್ಳಿಯ ನಮ್ಮ ಮನೆ ಬಾಗಿಲಲ್ಲಿ ಕುರ್ಚಿ ಹಾಕಿ ಕೂರಿಸಿದರೆ ಸುಮ್ಮನೆ ರಸ್ತೆ ನೋಡುತ್ತಿದ್ದಳು. ನನ್ನ ಗುರುತು ಸಿಗುತ್ತಿತ್ತೋ ಇಲ್ಲವೋ, ದೇವರಿಗೇ ಗೊತ್ತು. ಮಹಡಿ ಮೇಲಿದ್ದ ತಮ್ಮನದು ಒಂದೇ ರಾಗ: "ಒಳಗೆ ಏನೂ ಉಳ್ದಿಲ್ಲ ಕಣಕ್ಕಾ. ಇಬ್ರೂ ಕೆಲಸಕ್ಕೆ ಹೋಗ್ಬೇಕು. ಯಾವ್ದಾದ್ರೂ ಹೋಮ್‌ಗೆ ಸೇರಿಸ್ಬಿಡೋಣ."

"ಬಾಯ್ಮುಚ್ಚೋ," ಎನ್ನುತ್ತಿದ್ದೆ. ಆದರೆ ಅವನು ಹೇಳಿದ್ದೇ ನಿಜವಾಗಿದ್ದರೆ ಎಂದು ನನಗೂ ಭಯವಿತ್ತು.

ನಾನು ಯಲಹಂಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಹೇಳಿಕೊಡುವವಳು. ಆ ವಾರ ಪಾಠ ಕಪ್ಪುಕುಳಿಯತ್ತ, ಅಂದರೆ ಬ್ಲ್ಯಾಕ್ ಹೋಲ್‌ನತ್ತ, ಹೊರಳಿತು. ಅದರ ಅಂಚು ದಾಟಿದ ಮೇಲೆ ಬೆಳಕೂ ವಾಪಸ್ ಬರುವುದಿಲ್ಲ. ದೂರದಿಂದ ನೋಡುವವರಿಗೆ, ಬೀಳುವವಳು ಅಂಚಿನಲ್ಲೇ ನಿಂತುಬಿಟ್ಟಂತೆ ಕಾಣುತ್ತಾಳೆ. ಅವಳಿಗೋ, ಅಂಚು ದಾಟಿದ್ದೇ ಗೊತ್ತಾಗುವುದಿಲ್ಲ. ಕುಳಿ ನಿಧಾನವಾಗಿ ಶಾಖ ಸೂಸುತ್ತ ಕರಗುತ್ತದೆ. ಹಾಗಾದರೆ ಒಳಗೆ ಬಿದ್ದದ್ದರ ಮಾಹಿತಿ ಏನಾಯಿತು? ನಿಯಮದ ಪ್ರಕಾರ ಅದು ಅಳಿಯಕೂಡದು. ಶಾಖದಲ್ಲಿ ಅದರ ಸುಳಿವೇ ಇಲ್ಲ ಎನ್ನುತ್ತಿತ್ತು ಹಳೆಯ ಲೆಕ್ಕ. ಅದೇ ಶಾಖದಲ್ಲಿ ಚೂರುಚೂರಾಗಿ ಹೊರಗೆ ಬರುತ್ತದೆ ಎನ್ನುತ್ತದೆ ಈಚಿನದು. ಹೇಗೆಂದು ಯಾರಿಗೂ ಪೂರ್ತಿ ತಿಳಿದಿಲ್ಲ. ಇದನ್ನು ಹೇಳುತ್ತ ಬೋರ್ಡಿನತ್ತ ತಿರುಗಿ ಕೆಮ್ಮಿದೆ. ಹುಡುಗರಿಗೆ ಸೀಮೆಸುಣ್ಣದ ಧೂಳು ಅಂದೆ.

ಮರುದಿನ ಬೆಳಿಗ್ಗೆ ಅಮ್ಮನನ್ನು ಕೂರಿಸಿ, ಬಾಗಿಲಿಗೆ ನೀರು ಹಾಕಿ ಚುಕ್ಕಿ ಇಟ್ಟೆ. ಎಳೆ ಸೇರಿಸುತ್ತಿದ್ದಾಗ ಕುರ್ಚಿ ಕಿರ್ ಎಂದಿತು. ಅಮ್ಮ ಎಡಗಾಲು ಚಾಚಿ, ನನ್ನ ಅರ್ಧ ರಂಗೋಲಿಯನ್ನು ಒರೆಸಿಬಿಟ್ಟಳು. ನನಗೆ ರೇಗಿತು.

"ಅಯ್ಯೋ, ಯಾಕಮ್ಮಾ!"

ಎಷ್ಟೋ ತಿಂಗಳ ಮೇಲೆ ಆ ಸೊಟ್ಟ ಬಾಯಿಂದ ಮಾತು ಹೊರಟಿತು. "ನಿಮ್ಮಪ್ಪಂದು... ತಿಥಿ."

ಹೌದಲ್ಲ! ತಿಥಿಯ ದಿನ ನಮ್ಮ ಬಾಗಿಲಿಗೆ ರಂಗೋಲಿ ಇಡುವುದಿಲ್ಲ. ಪ್ರತಿವರ್ಷ ಅಮ್ಮನೇ ನೆನಪಿಸುತ್ತಿದ್ದಳು. ಈ ಸಲ ನಮ್ಮಿಬ್ಬರಿಗೂ ಮರೆತೇಹೋಗಿತ್ತು. ಅವಳು ಮಾತ್ರ ಒಳಗೊಳಗೇ ದಿನ ಎಣಿಸಿಕೊಂಡು ಕೂತಿದ್ದಳು. ನನಗೆ ನಗುವೂ ಬಂತು, ಅಳುವೂ ಬಂತು.

"ಲೋ, ಕೆಳಗೆ ಬಾರೋ! ಅಮ್ಮ ಮಾತಾಡಿದ್ಲು!"

ತಮ್ಮ ಬ್ರಷ್ ಕಚ್ಚಿಕೊಂಡೇ ಓಡಿಬಂದ. ಅಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಇನ್ನೂ... ಸ್ನಾನ ಇಲ್ವ?"

ಅವನು ಬಾಯಿಂದ ಬ್ರಷ್ ತೆಗೆದ. ಆಮೇಲೆ, "ಹೋದೆ ಅಮ್ಮಾ, ಹೋದೆ," ಎನ್ನುತ್ತ, ಕಣ್ಣೊರೆಸಿಕೊಂಡು ಬಚ್ಚಲಿಗೆ ಓಡಿದ.