ಟೈಲರಕ್ಕನ ಎರಡಿಂಚು

ಟೈಲರಕ್ಕನ ಟೇಪು ಎರಡರಿಂದ ಶುರುವಾಗುತ್ತಿತ್ತು. ಅಂಗಡಿ ತೆರೆದ ವರ್ಷವೇ ಇಸ್ತ್ರಿಪೆಟ್ಟಿಗೆ ಅದರ ತುದಿಯನ್ನು ಸುಟ್ಟಿತ್ತು. ಅಕ್ಕ ಸುಟ್ಟ ಎರಡಿಂಚು ಕತ್ತರಿಸಿ ಬಿಸಾಕಿ, ಉಳಿದದ್ದರಲ್ಲೇ ಇಪ್ಪತ್ತೆರಡು ವರ್ಷ ಊರಿನ ಸೊಂಟಗಳನ್ನೆಲ್ಲ ಅಳೆದಳು. ಟೇಪು ಮೂವತ್ತೆಂಟು ಎಂದರೆ ಅವಳ ಬಾಯಿ ಮೂವತ್ತಾರು ಎನ್ನುತ್ತಿತ್ತು. ಹೊಸದು ತಗೋಬಾರದಾ ಎಂದು ಯಾರಾದರೂ ಕೇಳಿದರೆ, "ಕಮ್ಮಿ ಇರೋದು ಟೇಪಿಗೆ, ನನ್ನ ತಲೆಗಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅಳತೆಯ ವಿಷಯಕ್ಕೆ ಬಂದರೆ ಅವಳು ಹರಿಶ್ಚಂದ್ರನ ವಂಶದವಳು. ಆ ಸತ್ಯವೇ ಅವಳಿಗೆ ಮುಳುವಾಯಿತು. ನಾಲ್ಕು ವರ್ಷದ ಹಿಂದೆ, ಅಂಗಡಿ ತುಂಬ ಗಿರಾಕಿಗಳಿರುವಾಗ, ಒಡಹುಟ್ಟಿದ ತಂಗಿಯ ಸೊಂಟ ಅಳೆದು, "ಮೂವತ್ತೈದೂವರೆ! ಅದೂ ಖಾಲಿ ಹೊಟ್ಟೇಲಿ!" ಎಂದು ಕೂಗಿಬಿಟ್ಟಳು. ಅಂದು ಹೋದ ತಂಗಿ ಮತ್ತೆ ಹೊಸ್ತಿಲು ತುಳಿಯಲಿಲ್ಲ. ಅಕ್ಕನಿಗೆ ಒಳಗೊಳಗೇ ಸಂಕಟ. ತಾನಾಗಿ ಹೋಗಿ ಮಾತಾಡಿಸಲು ಬಿಗುಮಾನ.

ಕೊನೆಗೆ ಕಚೇರಿಯಲ್ಲಿ ಬಡ್ತಿ ಸಿಕ್ಕಿ, ಕೋಟು ಹೊಲಿಸಬೇಕಾಗಿ ಬಂದು, ತಂಗಿಯೇ ಬಾಗಿಲಲ್ಲಿ ನಿಂತಳು. ಅಕ್ಕ ಟೇಪು ಸುತ್ತಿದಳು. ಮೂವತ್ತಾರು. ಎರಡು ಕಳೆದಳು.

"ಮೂವತ್ನಾಲ್ಕು ಕಣೇ," ಎಂದಳು, ಈ ಸಲ ಮೆತ್ತಗೆ.

ತಂಗಿ ಅವಳ ಮುಖವನ್ನೇ ನೋಡಿದಳು. ಕಣ್ಣು ತುಂಬಿ ಬಂತು. "ಕಾಫಿ ಮಾಡಕ್ಕ," ಎಂದು ಸ್ಟೂಲೆಳೆದು ಕೂತಳು. ಆಮೇಲೆ ವಾರವಿಡೀ ದಿನಾ ಸಂಜೆ ಬಂದಳು. ಅಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕೋಟು ಹೊಲಿದು ಮುಗಿದ ದಿನ, ಅಕ್ಕ ತನ್ನ ಗಂಡನ ಅಂಗಿಗೆಂದು ಕತ್ತು ಅಳೆದಳು. ಗಂಡ ಹೈಸ್ಕೂಲಿನ ಗಣಿತದ ಮೇಷ್ಟ್ರು. ಟೇಪು ಹದಿನೈದು ಅಂದಿತು. ಅಕ್ಕನ ಲೆಕ್ಕಕ್ಕೆ ಹದಿಮೂರು.

"ಅಯ್ಯೋ, ರೀ! ಕತ್ತು ಎರಡಿಂಚು ಇಳಿದುಹೋಗಿದೆ! ನಡೀರಿ ಡಾಕ್ಟರ ಹತ್ರ!"

ಮೇಷ್ಟ್ರು ಕಳ್ಳನಗೆ ನಕ್ಕರು. "ಕತ್ತಿಗೇನೂ ಆಗಿಲ್ಲ. ಹಳೇ ಟೇಪು ಪುಡಿಪುಡಿ ಆಗ್ತಿತ್ತು. ಹೋದ ವಾರ ಅದೇ ಬಣ್ಣದ ಹೊಸದು ತಂದು ನೇತುಹಾಕ್ದೆ. ಯಾವಾಗ ನೋಡ್ತೀಯ ಅಂತ ಕಾಯ್ತಿದ್ದೆ."

ಅಕ್ಕ ನೋಡುವುದೆಲ್ಲಿ ಬಂತು? ಟೇಪಿನ ತುದಿ ನೋಡುವ ಅಭ್ಯಾಸವೇ ಅವಳಿಗೆ ತಪ್ಪಿಹೋಗಿತ್ತು. ಅವಳು ತಟ್ಟನೆ ಗೋಡೆಯ ಕಡೆ ತಿರುಗಿದಳು. ಮೂವತ್ನಾಲ್ಕಕ್ಕೆ ಹೊಲಿದ ತಂಗಿಯ ಕೋಟು ಅಲ್ಲಿ ತೂಗುತ್ತಿತ್ತು.

ಮೇಷ್ಟ್ರಿಗೆ ಪಾಠ ಮಾಡುವ ಹುಮ್ಮಸ್ಸು ಬಂತು. ಅವಳ ಸೀಮೆಸುಣ್ಣದಿಂದ ಕತ್ತರಿಸುವ ಮೇಜಿನ ಮೇಲೇ ಗೆರೆ ಎಳೆದು, ನಡುವೆ ಸೊನ್ನೆ ಬರೆದು, ಎಡಕ್ಕೆ ಮೈನಸ್, ಬಲಕ್ಕೆ ಪ್ಲಸ್ ಹಾಕಿದರು.

"ನೋಡು, ನೀನು ಮೈನಸ್ ಎರಡು ಸೇರಿಸಿದ್ದೀಯ. ಈಗ ಆ ಮೈನಸ್ ಎರಡನ್ನ ಕಳೀಬೇಕು."

"ಇನ್ನೂ ಕಳೀಬೇಕಾ? ಆಗ ಮೂವತ್ತೆರಡಾಗತ್ತೆ! ಅವಳು ಉಸಿರು ಕಟ್ಟಿ ಸಾಯ್ಲಿ ಅಂತಾನಾ?"

"ಪೂರ್ತಿ ಕೇಳೇ! ಮೈನಸ್ಸನ್ನ ಕಳೆದ್ರೆ ಕೂಡಿದ ಹಾಗೆ. ನಮ್ಮ ಸ್ಕೂಲ್ ಮಕ್ಕಳಿಗೂ ಇದು ತಲೆಗೆ ಹತ್ತೋದೇ ಇಲ್ಲ."

ಅಕ್ಕ ಗೆರೆಯನ್ನು ನೋಡಿದಳು, ಕೋಟನ್ನು ನೋಡಿದಳು. ಬ್ಲೇಡು ತೆಗೆದು ಪಕ್ಕದ ಹೊಲಿಗೆಗಳನ್ನು ಪರಪರ ಬಿಚ್ಚಿದಳು. ಒಳಗೆ ಮಡಚಿಟ್ಟಿದ್ದ ಬಟ್ಟೆ ಹೊರಗೆ ಬಂತು.

"ಒಳಗೆ ಹಿಡಿದದ್ದನ್ನ ಬಿಚ್ಚಿದ್ರೆ ಬಟ್ಟೆ ದೊಡ್ಡದಾಗತ್ತೆ. ಇಷ್ಟು ಹೇಳೋಕೆ ನನ್ನ ಮೇಜೆಲ್ಲ ಗೀಚಬೇಕಿತ್ತಾ?"

ಮೇಷ್ಟ್ರು ಪೆಚ್ಚಾದರು. ಮರುದಿನ ತಮ್ಮದೇ ಹಳೇ ಪ್ಯಾಂಟೊಂದನ್ನು ತರಗತಿಗೆ ಒಯ್ದು ಬಿಚ್ಚಿ ತೋರಿಸಿದರಂತೆ.

ಕೋಟೇನೋ ಸರಿಹೋಯಿತು. ಆದರೆ ಮೂವತ್ತಾರು ಎಂದು ಹೇಳುವುದು ಹೇಗೆ? ಹೇಳಿದರೆ ತಂಗಿ ಮತ್ತೆ ದೂರವಾಗುತ್ತಾಳೆ; ಹೇಳದಿದ್ದರೆ ಅಕ್ಕನಿಗೆ ನಿದ್ದೆಯಿಲ್ಲ. ಯೋಚಿಸಿ ಯೋಚಿಸಿ ತಲೆ ಕೆಟ್ಟು, ಹೇಳಿಯೇಬಿಡುವುದೆಂದು ನಿಶ್ಚಯಿಸಿದಳು.

ತಂಗಿ ಬಂದು ಕೋಟು ತೊಟ್ಟಳು. ಗುಂಡಿ ಸಲೀಸಾಗಿ ಕೂತಿತು. ಅಕ್ಕ ಗಂಟಲು ಸರಿಮಾಡಿಕೊಂಡಳು.

"ನೋಡೇ, ನಿನ್ನ ಸೊಂಟ..."

"ಮೂವತ್ತಾರು. ಗೊತ್ತಕ್ಕ, ಮನೇಲೇ ಅಳತೆ ಮಾಡ್ಕೊಂಡು ಬಂದಿದ್ದೆ. ನೀನು ಮೂವತ್ನಾಲ್ಕು ಅಂದಾಗ ನಂಗೆ ಅಳುನೇ ಬಂತು. ಅಮ್ಮಂಗೂ ಅರ್ಧ ಇಂಚು ಬಿಟ್ಟುಕೊಡದೋಳು, ನಂಗೆ ನೋವಾಗಬಾರದು ಅಂತ ಎರಡಿಂಚು ಸುಳ್ಳು ಹೇಳಿದ್ಯಲ್ಲ!"

ಮೂಲೆಯಲ್ಲಿ ಪೇಪರು ಓದುತ್ತಿದ್ದ ಮೇಷ್ಟ್ರು, "ಅದು ಸುಳ್ಳಲ್ಲಮ್ಮ, ಟೇಪು..." ಎಂದು ಶುರುಮಾಡಿದರು.

"ರೀ, ನೀವು ಸುಮ್ನಿರಿ," ಎಂದಳು ಅಕ್ಕ. ಆಮೇಲೆ ತಂಗಿಯ ಕಾಲರು ನೇರಮಾಡುತ್ತ, "ಹೂಂ ಕಣೇ, ಬೇಕೂಂತಲೇ ಹೇಳ್ದೆ," ಎಂದಳು. ಅಳತೆಯ ವಿಷಯದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದೇ.