ಸಪ್ಪಳ ಮಾಡಬ್ಯಾಡ್ರಿ

ವಾಡಿಯಲ್ಲಿ ನಮ್ಮ ಪಕ್ಕದ ಮನೆಯ ಟಿಕೆಟ್ ಕಲೆಕ್ಟರಿಗೆ ಪಿಸುಮಾತೇ ಬರುತ್ತಿರಲಿಲ್ಲ. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಪಳಗಿದ ಗಂಟಲು ಅದು. ಮಕ್ಕಳಿಗೆ "ಸಪ್ಪಳ ಮಾಡಬ್ಯಾಡ್ರಿ" ಎಂದು ಅವರು ಹೇಳಿದರೆ ಓಣಿಗೆ ಓಣಿಯೇ ಎಚ್ಚರವಾಗುತ್ತಿತ್ತು.

ದಸರೆ ಕಳೆದ ಮೇಲೆ ರಜೆ ಸಿಕ್ಕಾಗಲೆಲ್ಲ ಶಹಾಬಾದ್ ದಾರಿಯ ಹಳೆಯ ಕಲ್ಲುಗಣಿಯ ಜೌಗಿಗೆ ಹಕ್ಕಿ ನೋಡಲು ಹೋಗುತ್ತಿದ್ದರು. ಹೆಂಡತಿ ಮಾತ್ರ ನಂಬುತ್ತಿರಲಿಲ್ಲ. "ಹಕ್ಕಿನೂ ಇಲ್ಲ, ಪಕ್ಕಿನೂ ಇಲ್ಲರಿ ವೈನಿ. ಎಲ್ಲೋ ಕುಂತು ಇಸ್ಪೀಟ್ ಆಡ್ಲಿಕತ್ತಾರ," ಎಂದು ನನ್ನೆದುರು ಗೊಣಗುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ಅವರು ಹೆಂಡತಿಯನ್ನು ಕರೆದುಕೊಂಡು, ಸಾಕ್ಷಿಗೆಂದು ನನ್ನನ್ನೂ ಹೊರಡಿಸಿದರು. ಜೌಗು ಹತ್ತಿರವಾದಂತೆ ಟವೆಲನ್ನು ಬಾಯಿಗೆ ಒತ್ತಿಕೊಂಡು ಬರೀ ಕೈಸನ್ನೆಯಲ್ಲೇ ನಡೆಸಿದರು. ಎಷ್ಟು ಕಾದರೂ ಎತ್ತರದ ಜೊಂಡಿನ ನಡುವೆ ಒಂದು ರೆಕ್ಕೆಯೂ ಕಾಣಲಿಲ್ಲ.

"ಎಲ್ಲಿ ಅದಾವ್ರಿ ನಿಮ್ಮ ಹಕ್ಕಿ? ಇಸ್ಪೀಟ್ ಎಲಿ ಹಂಚ್ರಿ, ಮೂರು ಮಂದಿ ಇದ್ದೀವಿ," ಎಂದು ಹೆಂಡತಿ ಕಿಸಕ್ಕನೆ ನಕ್ಕರು.

ಪಾಪ, ಗಂಡನ ಮುಖ ಕೆಂಪಾಯಿತು. ಟವೆಲ್ ಕಿತ್ತು, "ಏ, ಸಪ್ಪಳ ಮಾಡಬ್ಯಾಡ!" ಎಂದು ಗುಡುಗಿದರು.

ಜೊಂಡೆಲ್ಲ ಸೀಳಿದಂತಾಗಿ ಬಾತುಗಳ ಹಿಂಡು ಒಮ್ಮೆಲೇ ಮೇಲೆದ್ದಿತು. ನಮ್ಮ ನೆತ್ತಿಯ ಮೇಲೆ ಆಕಾಶವೇ ಮುಚ್ಚಿಹೋಯಿತು. ಹೆಂಡತಿ ಸೆರಗು ಜಾರಿದ್ದೂ ತಿಳಿಯದೆ ಬಾಯ್ತೆರೆದು ನೋಡಿದರು. ಹಿಂಡು ದೂರಾದ ಮೇಲೆ ಗಂಡನ ತೋಳು ಹಿಡಿದು ಎಳೆದರು.

"ಅಯ್ಯ ನಮ್ಮವ್ವ! ಇನ್ನೊಂದ್ಸಲ ಒದರ್ರಿ!"